ವಂಶಾವಳಿ ಬಳಗ ಸೇರಿದ ಮೇಲೆ ನನಗೆ ಸಿಕ್ಕಿದ್ದು

ನಮ್ಮದು ಧಾರವಾಡ ಕಡೆಯ ಒಕ್ಕಲುತನದ ಮನೆತನ. ಹಿರಿಯರ ಹೆಸರು ಹುಡುಕಲು ಶುರು ಮಾಡಿದಾಗ ಮುತ್ತಜ್ಜನವರೆಗೆ ಸಲೀಸಾಗಿ ಹೋದೆ. ಅಲ್ಲಿಂದಾಚೆ ಗಂಟು ಬಿತ್ತು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ ಅಲ್ವಾ? ಬಸಪ್ಪ ಬಿನ್ ಶಿವಪ್ಪ, ಶಿವಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ಶಿವಪ್ಪ. ಕಾಗದದಲ್ಲಿರುವ ಬಸಪ್ಪ ಯಾವ ತಲೆಮಾರಿನವನು?

ಆಗ ಪರಿಚಯದವರೊಬ್ಬರು ವಂಶಾವಳಿ ಹುಡುಕುವವರ ಒಂದು ಸಣ್ಣ ಬಳಗಕ್ಕೆ ಕರೆದುಕೊಂಡು ಹೋದರು. ನಿವೃತ್ತ ಮಾಸ್ತರು, ವಕೀಲರು, ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದ ಹಿರಿಯರು, ಹೀಗೆ ಎಲ್ಲ ಥರದವರೂ ಇದ್ದರು. ಕಂದಾಯದ ಹಿರಿಯರು ನನ್ನ ಪಟ್ಟಿ ನೋಡಿ, “ಹೆಸರು ಬಿಡ್ರಿ, ಹೊಲ ಹಿಡೀರಿ” ಅಂದರು. ತಂದೆ ತೀರಿಕೊಂಡರೆ ಮ್ಯುಟೇಶನ್ ರಿಜಿಸ್ಟರಿನಲ್ಲಿ, ಅಂದರೆ ಹೊಲದ ಹಕ್ಕು ಬದಲಾದದ್ದನ್ನು ಬರೆಯುವ ಪುಸ್ತಕದಲ್ಲಿ, ವಾರಸುದಾರರ ಹೆಸರು ತಾರೀಖಿನ ಸಮೇತ ಏರುತ್ತದೆ. ಹೊಲದ ಸರ್ವೆ ನಂಬರ್ ಹಿಡಿದು ಹಿಂದೆ ಹೋದರೆ ಇಬ್ಬರು ಬಸಪ್ಪರು ಬೇರೆ ಬೇರೆಯಾಗಿ ನಿಲ್ಲುತ್ತಾರೆ.

ಅದಕ್ಕೂ ಹಿಂದಿನದು ಅಂತ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲು ಮಾಡಿಕೊಂಡ ಕಾಗದ, ಇತ್ತು. ಮೋಡಿ ಲಿಪಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದದ್ದು. ಲೇಖಣಿ ಎತ್ತದೆ ಬರೆದ ಬರವಣಿಗೆ, ಪದಗಳ ನಡುವೆ ಜಾಗವೇ ಇಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದೇ ಹಿರಿಯರು ಭೂತಗನ್ನಡಿ ಹಿಡಿದು, ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು. “ಇಲ್ಲಿ ನೋಡ್ರಿ, ಈ ಬಸಪ್ಪಗ ಇಬ್ಬರು ಹೆಂಡಿರು.” ಪಕ್ಕದೂರಿನಲ್ಲಿ ನಮ್ಮದೇ ಅಡ್ಡಹೆಸರಿನ ಇನ್ನೊಂದು ಮನೆತನ ಯಾಕಿದೆ ಎಂಬುದು ಆಗ ಗೊತ್ತಾಯಿತು. ಅವರು ಎರಡನೆಯವಳ ಮಕ್ಕಳ ಸಂತತಿ.

ಹೆಳವರ ಪುಸ್ತಕವನ್ನೂ ನೋಡಿದೆವು. ಎತ್ತಿನ ಮೇಲೆ ಬಂದು ಮನೆ ಮುಂದೆ ಕುಲ ಹೊಗಳುವ ಹೆಳವರು ನಮ್ಮ ನಾಡಿನ ನಿಜವಾದ ವಂಶಾವಳಿಕಾರರು. ನಮ್ಮ ಮನೆತನದ ಹೆಳವರು ಓದಿದ ಹೆಸರುಗಳನ್ನು ಬಳಗದವರು ವಾಟ್ನಿ ಪತ್ರದ ಜೊತೆ ತಾಳೆ ನೋಡಿದರು. ಹೆಚ್ಚಿನವು ಕೂಡಿಬಂದವು. ಒಂದು ತಲೆಮಾರು ಮಾತ್ರ ಹೊಂದಲಿಲ್ಲ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದರು. ಒಬ್ಬನೇ ಕೂತಿದ್ದರೆ ನಾನು ಸುಮ್ನೆ ಬರೆದುಕೊಂಡು ಬಿಡುತ್ತಿದ್ದೆ.

ಆದರೆ ಈ ದಾಖಲೆಗಳಲ್ಲೆಲ್ಲ ಗಂಡಸರೇ ಜಾಸ್ತಿ. ನಮ್ಮ ಅಜ್ಜಿಯಂದಿರು ಎಲ್ಲಿ? ಈ ದಾರಿ ತೋರಿಸಿದವರು ಬಳಗದ ಒಬ್ಬ ಅಕ್ಕ. ಮದುವೆಯ ಮುಯ್ಯಿ ಪಟ್ಟಿ ಹುಡುಕು ಅಂದರು. ಯಾವ ಊರಿನವರು, ಯಾರು, ಎಷ್ಟು ಕೊಟ್ಟರು ಅಂತ ಅದರಲ್ಲಿ ಇರುತ್ತದೆ. ಒಂದು ಹಳೇ ಪಟ್ಟಿಯಲ್ಲಿ ಒಂದೇ ಊರಿನವರು ಸಾಲಾಗಿ ಮುಯ್ಯಿ ಮಾಡಿದ್ದರು. ವಿಚಾರಿಸಿದರೆ ಅದು ನಮ್ಮ ಮುತ್ತಜ್ಜಿಯ ತವರು. ಅವಳ ಹೆಸರು ಆ ಊರಿನ ಮುದುಕಿಯೊಬ್ಬರಿಗೆ ಇನ್ನೂ ನೆನಪಿತ್ತು.

ಈಗ ನಾನೂ ಹೊಸಬರ ಜೊತೆ ಕೂರುತ್ತೇನೆ. ಹೆಳವರ ಪುಸ್ತಕದ ಫೋಟೋ ಬೇಕು ಅಂದವರಿಗೆ ಮೊದಲು ಅವರ ಒಪ್ಪಿಗೆ ಕೇಳಿ, ಕಾಳೋ ದುಡ್ಡೋ ಕಾಣಿಕೆ ಕೊಟ್ಟು ತೆಗೆಯಿರಿ ಅಂತ ಹೇಳುತ್ತೇನೆ. ಆ ಪುಸ್ತಕ ಅವರ ಅನ್ನ. ನಾನು ಮೋಡಿ ಕಲಿಯುತ್ತಿದ್ದೇನೆ, ಓದಬಲ್ಲವರು ಬಳಗದಲ್ಲಿ ಕಮ್ಮಿಯಾಗುತ್ತಿದ್ದಾರೆ.