ದತ್ತಾಂಶ ನಿರ್ವಹಣಾ ಯೋಜನೆಯನ್ನು ನಾನು ಸರಿಪಡಿಸಿದ ಬಗೆ

ಬೆಂಗಳೂರಿನ ವರ್ತೂರು ಕೆರೆಯ ನೀರಿನ ಗುಣಮಟ್ಟ ಹಾಗೂ ಸುತ್ತಲಿನ ನಿವಾಸಿಗಳ ಸಂದರ್ಶನಗಳನ್ನು ಕುರಿತ ನನ್ನ ಅನುದಾನದ ಅರ್ಜಿ, ‘ದತ್ತಾಂಶವನ್ನು ಸುರಕ್ಷಿತವಾಗಿ ಇಡಲಾಗುವುದು’ ಎಂಬ ಒಂದೇ ಸಾಲಿನ ದತ್ತಾಂಶ ನಿರ್ವಹಣಾ ಯೋಜನೆಯಿಂದಾಗಿ (ಸಂಶೋಧನೆಯಲ್ಲಿ ಸಂಗ್ರಹಿಸುವ ಮಾಹಿತಿಯನ್ನು ಹೇಗೆ ಇಡುವುದು, ಹಂಚುವುದು ಎಂಬ ವಿವರಣೆ) ಅನುದಾನ ನೀಡುವ ಸಂಸ್ಥೆಯಿಂದ ತಿದ್ದುಪಡಿಗೆ ಮರಳಿತು. ಆಕ್ಷೇಪ ನ್ಯಾಯವಾದದ್ದೇ ಆಗಿತ್ತು.

ಎರಡು ಬಗೆಯ ದತ್ತಾಂಶವನ್ನು ಒಂದೇ ನಿಯಮಕ್ಕೆ ಒಳಪಡಿಸಿದ್ದೇ ಮೂಲ ದೋಷವೆಂದು ತಿಳಿದ ಮೇಲೆ ಅವನ್ನು ಬೇರ್ಪಡಿಸಿದೆ. ನೀರಿನ ಅಳತೆಗಳನ್ನು, ಸ್ಥಳ, ದಿನಾಂಕ, ಏಕಮಾನ, ಉಪಕರಣಗಳ ವಿವರವುಳ್ಳ ಕಡತದೊಡನೆ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕೋಷ್ಟಕ) ರೂಪದಲ್ಲಿ, ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆಯಾದ ಸರ್ನ್ ನಡೆಸುವ ಝೆನೋಡೊ ಎಂಬ ಮುಕ್ತ ಸಂಶೋಧನಾ ಭಂಡಾರದಲ್ಲಿ ಪ್ರಕಟಿಸುವುದಾಗಿ ಬರೆದೆ. ಅಲ್ಲಿ ಡಿಒಐ ಎಂಬ ಶಾಶ್ವತ ಡಿಜಿಟಲ್ ಗುರುತು ದೊರೆಯುವುದರಿಂದ, 2016ರಲ್ಲಿ ಪ್ರಕಟವಾದ ಫೇರ್ ತತ್ವಗಳ (ದತ್ತಾಂಶವು ಹುಡುಕಲು, ಪಡೆಯಲು, ಬೇರೆ ದತ್ತಾಂಶದೊಡನೆ ಜೋಡಿಸಲು, ಮರುಬಳಸಲು ಆಗುವಂತಿರಬೇಕು ಎಂಬ ನಾಲ್ಕು ಅಪೇಕ್ಷೆಗಳು) ಮೊದಲ ಅಪೇಕ್ಷೆಯಾದ ‘ಹುಡುಕಿದರೆ ಸಿಗಬೇಕು’ ಎಂಬುದಕ್ಕೆ ಆಧಾರ ಒದಗುತ್ತದೆ.

ಸಂದರ್ಶನಗಳ ಭಾಗಕ್ಕೆ ಹೆಚ್ಚು ಸಮಯ ಹಿಡಿಯಿತು, ಏಕೆಂದರೆ ನಮ್ಮನ್ನು ನಂಬಿ ಮಾತನಾಡುವವರ ಗುರುತನ್ನು ಕಾಯುವುದು ನನಗೆ ಕಾನೂನಿಗಿಂತಲೂ ಮೊದಲಿನ ಹೊಣೆ. ಹೆಸರಿನ ಬದಲು ಸಂಕೇತ, ಯಾವ ಸಂಕೇತ ಯಾರದೆಂಬ ಪಟ್ಟಿಗೆ ಎನ್‌ಕ್ರಿಪ್ಟ್ ಮಾಡಿದ (ಕೀಲಿಯಿಲ್ಲದೆ ಓದಲಾಗದ) ಪ್ರತ್ಯೇಕ ಡಿಸ್ಕ್, ಒಪ್ಪಿಗೆಪತ್ರದಲ್ಲಿ ಮರುಬಳಕೆಯ ಸ್ಪಷ್ಟ ಉಲ್ಲೇಖ ಇವೆಲ್ಲವನ್ನೂ ಸೇರಿಸಿ, ಈ ಕೆಲಸದ ಖರ್ಚನ್ನು ಆಯವ್ಯಯದಲ್ಲಿಯೇ ತೋರಿಸಿದೆ. ಪರಿಷ್ಕೃತ ಯೋಜನೆಯನ್ನು ಸಂಸ್ಥೆ ಅಂಗೀಕರಿಸಿತು.