3ಡಿ ವಿಂಡೋ ಕಪ್ಪಾಗುತ್ತಿತ್ತು, ಸರಿಯಾದದ್ದು ಹೀಗೆ

ಉಬುಂಟು 22.04 ಹಾಕಿದ ಮೇಲೆ, ದುಡ್ಡು ಕೊಟ್ಟು ತಗೊಂಡಿದ್ದ ಡಿಸೈನ್ ಸಾಫ್ಟ್‌ವೇರ್ ತೆರೆಯುತ್ತಿತ್ತು, ಆದರೆ 3ಡಿ ವಿಂಡೋ ಪೂರ್ತಿ ಕಪ್ಪು. ಟರ್ಮಿನಲ್‌ನಲ್ಲಿ ಬರುತ್ತಿದ್ದದ್ದು ಸ್ವ್ರಾಸ್ಟ್ (swrast, ಸಿಪಿಯುನಿಂದಲೇ ಚಿತ್ರ ಬಿಡಿಸುವ) ಡ್ರೈವರ್ ಲೋಡ್ ಆಗಲಿಲ್ಲ ಅಂತ. ಅದನ್ನು ನಂಬಿ ಲಿನಕ್ಸಿನ ಗ್ರಾಫಿಕ್ಸ್ ಡ್ರೈವರ್ ಆದ ಮೆಸಾ ಮತ್ತೆ ಹಾಕಿದೆ, ಸಾಫ್ಟ್‌ವೇರನ್ನೂ ಮತ್ತೆ ಹಾಕಿದೆ. ಎರಡೂ ದಂಡ. ಲೈಬ್ರರಿ ಪಾತ್ (ಲೈಬ್ರರಿ ಫೈಲ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಬದಲಿಸಿದರೂ ಅಷ್ಟೇ: ಸಾಫ್ಟ್‌ವೇರಿನ ಸ್ಟಾರ್ಟ್ ಸ್ಕ್ರಿಪ್ಟ್ ತನ್ನ ಫೋಲ್ಡರನ್ನೇ ಮುಂದೆ ಸೇರಿಸಿಕೊಳ್ಳುತ್ತಿತ್ತು.

ಲಿಬ್‌ಜಿಎಲ್ ಡಿಬಗ್ (LIBGL_DEBUG) ವೇರಿಯಬಲ್‌ಗೆ 'ವರ್ಬೋಸ್' ಅಂತ ಕೊಟ್ಟು ಓಡಿಸಿದಾಗ ನಿಜವಾದ ಸಾಲು ಸಿಕ್ಕಿತು: ಎಲ್‌ಎಲ್‌ವಿಎಂ 15ಕ್ಕೆ (ಮೆಸಾ ಬಳಸುವ ಕಂಪೈಲರ್ ಲೈಬ್ರರಿ) ಜಿಲಿಬ್‌ಸಿಎಕ್ಸ್‌ಎಕ್ಸ್ (GLIBCXX) 3.4.30 ಬೇಕು. ಇದು ಲಿಬ್‌ಎಸ್‌ಟಿಡಿಸಿ++ (libstdc++) ಅನ್ನೋ ಸಿ++ ಲೈಬ್ರರಿಯ ಆವೃತ್ತಿ ಗುರುತು. ಸಾಫ್ಟ್‌ವೇರ್ ಜೊತೆ ಬಂದಿದ್ದ ಲಿಬ್‌ಎಸ್‌ಟಿಡಿಸಿ++ ಫೈಲನ್ನು 'ಸ್ಟ್ರಿಂಗ್ಸ್' ಕಮಾಂಡ್‌ನಿಂದ ನೋಡಿದೆ. 3.4.25ಕ್ಕೇ ನಿಂತಿತ್ತು. ಸಿಸ್ಟಮ್ಮಿನದರಲ್ಲಿ 3.4.30 ಇತ್ತು.

ಸಾಫ್ಟ್‌ವೇರನ್ನು ಮುಚ್ಚಿ, ಅದರದೇ ಲಿಬ್ ಫೋಲ್ಡರ್‌ಗೆ ಹೋಗಿ. ಲಿಬ್‌ಎಸ್‌ಟಿಡಿಸಿ++.ಎಸ್‌ಒ.6 ಹೆಸರಿನ ಕೊನೆಗೆ 'ಓಲ್ಡ್' ಸೇರಿಸಿ. ಅಳಿಸಬೇಡಿ. ಈಗ ಸಾಫ್ಟ್‌ವೇರ್ ಸಿಸ್ಟಮ್ಮಿನ ಫೈಲನ್ನು ಹಿಡಿಯುತ್ತದೆ. ಹಳೆಯ ಪ್ರೋಗ್ರಾಮಿಗೆ ಹೊಸ ಲಿಬ್‌ಎಸ್‌ಟಿಡಿಸಿ++ ಒಗ್ಗುತ್ತದೆ, ಉಲ್ಟಾ ನಡೆಯುವುದಿಲ್ಲ ಅಲ್ವಾ? ಹಾಗಾಗಿ ಸಿಸ್ಟಮ್ ಫೋಲ್ಡರಿನ ಫೈಲಿಗೆ ಮಾತ್ರ ಕೈ ಹಾಕಬೇಡಿ. ಆಮೇಲೂ ಜಿಸಿಸಿ (ಸಿ/ಸಿ++ ಕಂಪೈಲರ್) ಆವೃತ್ತಿಯ ತಕರಾರು ಬಂದರೆ, ಸಾಫ್ಟ್‌ವೇರಿನ ಅದೇ ಲಿಬ್ ಫೋಲ್ಡರಿನ ಲಿಬ್‌ಜಿಸಿಸಿ_ಎಸ್.ಎಸ್‌ಒ.1 ಹೆಸರನ್ನೂ ಹೀಗೇ ಬದಲಿಸಿ.

ಸಾಫ್ಟ್‌ವೇರಿಗೆ ಅಪ್‌ಡೇಟ್ ಹಾಕಿದರೆ ಹಳೆಯ ಫೈಲ್ ವಾಪಸ್ ಬಂದು ಕೂರಬಹುದು.