ಕ್ಯಾಲಿಫೋರ್ನಿಯಾದಲ್ಲಿ ಫಾಕ್ಸ್‌ಬಾಡಿ ಮಸ್ಟಾಂಗ್ ಮಾರುವವರಿಗೆ: ಸ್ಮಾಗ್, ಟೈಟಲ್, ಬೆಲೆ ಮತ್ತು ತೆರಿಗೆ

ಬೇ ಏರಿಯಾದ ಕನ್ನಡಿಗರಲ್ಲಿ ಹಳೆಯ ಫೋರ್ಡ್ ಮಸ್ಟಾಂಗ್ ಒಂದನ್ನು ಗ್ಯಾರೇಜಿಗೆ ತಂದು, ವಾರಾಂತ್ಯಗಳಲ್ಲಿ ಬಿಚ್ಚಿ ಜೋಡಿಸಿ, ಬಣ್ಣ ಹೊಡೆಸಿ, ತಮ್ಮ ಅಭಿರುಚಿಗೆ ತಕ್ಕಂತೆ ಬದಲಾಯಿಸಿಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ಮನೆ ಕೊಳ್ಳುವಾಗಲೋ, ಬೇರೆ ರಾಜ್ಯಕ್ಕೆ ಹೋಗುವಾಗಲೋ, ಊರಿಗೆ ಮರಳುವಾಗಲೋ ಅದನ್ನು ಮಾರಬೇಕಾಗುತ್ತದೆ. ಮೂರು ವರ್ಷದ ಹೋಂಡಾ ಕಾರನ್ನು ಮಾರುವ ಕ್ರಮ ಇಲ್ಲಿ ಸಾಲುವುದಿಲ್ಲ. ಇಂಥ ಕಾರಿಗೆ ನೀವು ಸುರಿದ ಹಣದಿಂದ ಬೆಲೆ ಬರುವುದಿಲ್ಲ. ನೀವು ತೋರಿಸಬಲ್ಲ ಕಾಗದಗಳಿಂದ ಮತ್ತು ಕಳಚಿಟ್ಟ ಮೂಲ ಬಿಡಿಭಾಗಗಳಿಂದ ಬರುತ್ತದೆ. ಈ ಬರಹದ ಮುಖ್ಯ ವಿಷಯ ಇಷ್ಟೇ.

ಉದಾಹರಣೆಯಾಗಿ 1987ರಿಂದ 1993ರವರೆಗಿನ ಮಸ್ಟಾಂಗ್ 5.0 ಕಾರನ್ನು ತೆಗೆದುಕೊಂಡಿದ್ದೇನೆ. ಫೋರ್ಡ್ ಕಂಪನಿಯ ಫಾಕ್ಸ್ ಎಂಬ ಚಾಸಿ ವಿನ್ಯಾಸದ ಮೇಲೆ 1979ರಲ್ಲಿ ಆರಂಭವಾದ ಈ ಪೀಳಿಗೆಗೆ 1987ರಲ್ಲಿ ಹೊಸ ಮುಖ ಬಂತು. ಬೋನೆಟ್ಟಿನ ಕೆಳಗಿರುವುದು 302 ಘನ ಅಂಗುಲದ ವಿ8 ಎಂಜಿನ್. ಅಳತೆಯಲ್ಲಿ ಅದು 4.9 ಲೀಟರ್ ಆದರೂ ಕಾರಿನ ಮೇಲಿನ ಬ್ಯಾಡ್ಜ್ 5.0 ಎಂದೇ ಹೇಳುತ್ತದೆ. ಇಲ್ಲಿ ಹೇಳಿರುವ ಹೆಚ್ಚಿನ ಮಾತುಗಳು ಅದೇ ಕಾಲದ ಕಮಾರೊ, ಫೈರ್‌ಬರ್ಡ್ ಕಾರುಗಳಿಗೂ ಅನ್ವಯಿಸುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ಮೊದಲ ಅಡ್ಡಿ ಸ್ಮಾಗ್ ಪರೀಕ್ಷೆ, ಅಂದರೆ ಕಾರಿನ ಹೊಗೆಯ ತಪಾಸಣೆ. 1975 ಅಥವಾ ಅದಕ್ಕಿಂತ ಹಿಂದಿನ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಈ ಪರೀಕ್ಷೆಯಿಲ್ಲ. 1976 ಅಥವಾ ಅದರ ನಂತರದ ಮಾಡೆಲ್‌ನ ಕಾರು ಎಷ್ಟೇ ಹಳೆಯದಾದರೂ ವಿನಾಯಿತಿ ಸಿಗುವುದಿಲ್ಲ. ಮೂವತ್ತೈದು ವರ್ಷ ಮೀರಿದ ಸಂಗ್ರಹಯೋಗ್ಯ ಕಾರುಗಳಿಗೆ ವಿನಾಯಿತಿ ಕೊಡಬೇಕೆಂದು ಹಾಸ್ಯಗಾರ ಜೇ ಲೆನೊ ಬೆಂಬಲಿಸಿದ ಮಸೂದೆ 2025ರಲ್ಲಿ ಶಾಸನಸಭೆಯಲ್ಲಿಯೇ ನಿಂತುಹೋಯಿತು. ಕಾರನ್ನು ಮಾರುವಾಗ ಊರ್ಜಿತವಾದ ಸ್ಮಾಗ್ ಪ್ರಮಾಣಪತ್ರವನ್ನು ಒದಗಿಸಬೇಕಾದವರು ಮಾರುವವರೇ ಹೊರತು ಕೊಳ್ಳುವವರಲ್ಲ. ಆ ಪ್ರಮಾಣಪತ್ರದ ಆಯುಸ್ಸು 90 ದಿನ. "ಇದ್ದ ಸ್ಥಿತಿಯಲ್ಲಿಯೇ ಮಾರಲಾಗಿದೆ" ಎಂದು ಬಿಲ್ ಆಫ್ ಸೇಲ್ ಎಂಬ ಮಾರಾಟ ಪತ್ರದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೂ ಈ ಹೊಣೆ ನಿಮ್ಮ ಹೆಗಲಿನಿಂದ ಇಳಿಯುವುದಿಲ್ಲ. ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ ಇವರ ನಡುವಿನ ವರ್ಗಾವಣೆಗೆ ಮಾತ್ರ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ.

2000 ಮತ್ತು ಅದರ ನಂತರದ ಮಾಡೆಲ್‌ನ ಕಾರುಗಳಿಗೆ ಕಂಪ್ಯೂಟರಿನ ಕೇಬಲ್ ಚುಚ್ಚಿದರೆ ಪರೀಕ್ಷೆಯ ಬಹುಭಾಗ ಮುಗಿಯುತ್ತದೆ. ಹಳೆಯ ಮಸ್ಟಾಂಗನ್ನು ಹಾಗಲ್ಲ, ದೊಡ್ಡ ನಗರಗಳ ಪ್ರದೇಶಗಳಲ್ಲಿ ರೋಲರ್‌ಗಳ ಮೇಲೆ ನಿಲ್ಲಿಸಿ, ಗಂಟೆಗೆ 15 ಮತ್ತು 25 ಮೈಲಿ ವೇಗಗಳಲ್ಲಿ ಓಡಿಸಿ, ಹೊಗೆಯಲ್ಲಿರುವ ಹೈಡ್ರೋಕಾರ್ಬನ್, ಕಾರ್ಬನ್ ಮೊನಾಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್‌ಗಳನ್ನು ಅಳೆಯುತ್ತಾರೆ. ಮಾರ್ಪಡಿಸಿದ ಕಾರುಗಳು ಅನೇಕ ವೇಳೆ ಈ ಅಳತೆಯಲ್ಲಿ ಪಾಸಾಗುತ್ತವೆ. ಫೇಲಾಗುವುದು ಕಣ್ಣಿನಿಂದ ನೋಡುವ ತಪಾಸಣೆಯಲ್ಲಿ. ಹಿಂದಿನ ಯಾವನೋ ಒಡೆಯ ಹೊಗೆಯ ಕೊಳವೆಗೆ ಗಾಳಿ ಊದುವ ಸ್ಮಾಗ್ ಪಂಪ್ ಕಿತ್ತುಹಾಕಿ ಬೆಲ್ಟನ್ನು ಗಿಡ್ಡ ಮಾಡಿರುತ್ತಾನೆ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಎಚ್-ಪೈಪ್ ಎಂಬ ಎಕ್ಸಾಸ್ಟ್ ಕೊಳವೆ ಹಾಕಿಸಿರುತ್ತಾನೆ. ಇವೆರಡೂ ನೋಡಿದ ಕೂಡಲೇ ಫೇಲ್. ಇನ್‌ಟೇಕ್, ಹೆಡರ್, ಸೂಪರ್‌ಚಾರ್ಜರ್‌ನಂಥ ಬದಲಿ ಭಾಗಗಳಿಗೆ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಎಕ್ಸಿಕ್ಯುಟಿವ್ ಆರ್ಡರ್ ಎಂಬ ಒಪ್ಪಿಗೆಯ ಸಂಖ್ಯೆ ಇರಬೇಕು ಮತ್ತು ಅದು ನಿಮ್ಮ ಮಾಡೆಲ್‌ಗೂ ವರ್ಷಕ್ಕೂ ಅನ್ವಯಿಸುವಂಥದ್ದಾಗಿರಬೇಕು. ಆ ಸಂಖ್ಯೆಯ ಪುಟ್ಟ ಸ್ಟಿಕರನ್ನು ಎಂಜಿನ್ ಬೇಯಲ್ಲಿ ಅಂಟಿಸದೆ ಡಬ್ಬದಲ್ಲಿಯೇ ಬಿಟ್ಟವರು ಈಗ ಡಬ್ಬ ಹುಡುಕಬೇಕು.

ಇನ್ನೊಂದು ಸೂಕ್ಷ್ಮವಿದೆ. ಈ ಎಂಜಿನ್ನಿನ ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಸಮಯವನ್ನು, ಕಾರ್ಖಾನೆ 10 ಡಿಗ್ರಿಗೆ ನಿಗದಿ ಮಾಡಿದೆ. ಸ್ವಲ್ಪ ಚುರುಕು ಸಿಗಲೆಂದು ಹವ್ಯಾಸಿಗಳು ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ 14 ಡಿಗ್ರಿಗೆ ಇಡುವುದು ಈ ಕಾರಿನ ಲೋಕದಲ್ಲಿ ಮನೆಮಾತು. ಪರೀಕ್ಷಕರು ಟೈಮಿಂಗ್ ಲೈಟ್ ಹಿಡಿದು ಇದನ್ನೂ ನೋಡುವುದರಿಂದ, ಹೋಗುವ ಮುನ್ನ ಡಿಸ್ಟ್ರಿಬ್ಯೂಟರಿನ ಬಳಿಯ ಸ್ಪೌಟ್ ಕನೆಕ್ಟರ್ ಎಂಬ ಪುಟ್ಟ ವೈರಿಂಗ್ ಪ್ಲಗ್ಗನ್ನು ಕಳಚಿ, ಟೈಮಿಂಗನ್ನು 10ಕ್ಕೆ ತಂದು, ಮರೆಯದೆ ಅದನ್ನು ಮತ್ತೆ ಸಿಕ್ಕಿಸಬೇಕು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೂ ಫೇಲಾಗುವ ಪರೀಕ್ಷೆ ಇದು. ಮುಚ್ಚಳ ಹೊಸದು ಕೊಳ್ಳುವುದೇ ಅಗ್ಗ.

ಎಂಜಿನ್ನನ್ನೇ ಬದಲಿಸಿ, ಈಚಿನ ಮಸ್ಟಾಂಗಿನ ಕೊಯೋಟಿ ಎಂಜಿನ್ ಕೂರಿಸಿದ್ದರೆ ಸಾಮಾನ್ಯ ಸ್ಮಾಗ್ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ. ಬ್ಯೂರೊ ಆಫ್ ಆಟೊಮೋಟಿವ್ ರಿಪೇರ್ ನೇಮಿಸಿದ ರೆಫರಿಯ ಬಳಿ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಹೊಸ ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಈಚಿನದೋ ಆಗಿರಬೇಕು ಮತ್ತು ಆ ಎಂಜಿನ್ನಿನ ಜೊತೆ ಕಾರ್ಖಾನೆಯಿಂದ ಬಂದ ಹೊಗೆ ನಿಯಂತ್ರಣ ಸಾಮಗ್ರಿಯೆಲ್ಲ ಜೊತೆಗೇ ಇರಬೇಕು. ಎಲ್ಲವೂ ಸರಿಯಿದ್ದರೆ ರೆಫರಿ ಒಂದು ಲೇಬಲ್ ಅಂಟಿಸಿ ಕೊಡುತ್ತಾರೆ. ಎಂಜಿನ್ ಬದಲಿಸಿದ ಕಾರನ್ನು ಕೊಳ್ಳುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ಆ ಲೇಬಲ್‌ಗಿಂತ ದೊಡ್ಡ ಭರವಸೆ ಬೇರೆ ಇಲ್ಲ.

ಹೊರರಾಜ್ಯದವರಿಗೆ ಮಾರಿದರೆ ಇದಾವುದರ ಗೊಡವೆ ಬೇಡ ಎಂದು ಹೇಳುವವರು ಸಿಗುತ್ತಾರೆ. ಹಳೆಯ ಕಾರುಗಳ ಮೇಲೆ ಕಟ್ಟುನಿಟ್ಟಿಲ್ಲದ ರಾಜ್ಯಗಳು ಅನೇಕವಿರುವುದು ನಿಜ. ಆದರೂ ಮೊದಲು ಸ್ಮಾಗ್ ಮಾಡಿಸಿ ಅನಂತರವೇ ಜಾಹೀರಾತು ಕೊಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹತ್ತಿರದ ಕೊಳ್ಳುವವರನ್ನೆಲ್ಲ ದೂರ ತಳ್ಳಿದ ಮೇಲೆ ಬೆಲೆ ಕೇಳುವ ಬಲ ನಿಮ್ಮಲ್ಲಿ ಉಳಿಯುವುದಿಲ್ಲ.

ಇನ್ನು ಬೆಲೆ. ಕೆಲ್ಲಿ ಬ್ಲೂ ಬುಕ್‌ನಂಥ ದಿನಬಳಕೆಯ ಕಾರುಗಳ ದರಪಟ್ಟಿ ಇಲ್ಲಿ ಉಪಯೋಗಕ್ಕೆ ಬಾರದು. ಹಳೆಯ ಕಾರುಗಳಿಗೆ ವಿಮೆ ಮಾಡುವ ಹ್ಯಾಗರ್ಟಿ ಕಂಪನಿಯ ದರಪಟ್ಟಿಯಲ್ಲಿ ಕಾರಿನ ಸ್ಥಿತಿಯನ್ನು 1ರಿಂದ 4ರವರೆಗೆ ವಿಂಗಡಿಸಿರುತ್ತಾರೆ. 1 ಎಂದರೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವಂಥದ್ದು, 4 ಎಂದರೆ ಓಡುತ್ತದೆ ಆದರೆ ಕುಂದುಗಳು ಕಣ್ಣಿಗೆ ಕಾಣುತ್ತವೆ ಎಂಬಂಥದ್ದು. ತಮ್ಮ ಕಾರು 2ನೇ ದರ್ಜೆಯದೆಂದು ಭಾವಿಸುವ ಹೆಚ್ಚಿನವರ ಕಾರು 3ನೆಯದಾಗಿರುತ್ತದೆ. ಅದಕ್ಕಿಂತ ವಿಶ್ವಾಸಾರ್ಹವಾದದ್ದು ಬ್ರಿಂಗ್ ಎ ಟ್ರೇಲರ್, ಕಾರ್ಸ್ ಅಂಡ್ ಬಿಡ್ಸ್ ಎಂಬ ಆನ್‌ಲೈನ್ ಹರಾಜುಗಳಲ್ಲಿ ಮುಗಿದ ವ್ಯವಹಾರಗಳ ದಾಖಲೆ. ಜನ ಕೇಳಿದ ಬೆಲೆಯಲ್ಲ, ಕೊಟ್ಟ ಬೆಲೆ ಅಲ್ಲಿ ಕಾಣುತ್ತದೆ. ನಿಮ್ಮ ಕಾರಿನಂಥದೇ ವರ್ಷ, ಬಾಡಿ, ಗೇರ್‌ಬಾಕ್ಸ್ ಇರುವ ಮಾರಾಟಗಳನ್ನು ಮಾತ್ರ ಹೋಲಿಸಿ. ಹ್ಯಾಚ್‌ಬ್ಯಾಕ್, ಹಿಂದೆ ಪ್ರತ್ಯೇಕ ಡಿಕ್ಕಿಯಿರುವ ನೋಚ್‌ಬ್ಯಾಕ್, ಮಾಡು ಮಡಚುವ ಕನ್ವರ್ಟಿಬಲ್ ಮೂರಕ್ಕೂ ಬೇರೆ ಬೇರೆ ಗಿರಾಕಿಗಳಿದ್ದಾರೆ. 1993ರಲ್ಲಿ 4,993 ಮಾತ್ರ ತಯಾರಾದ ಕೋಬ್ರಾ ಮಾದರಿಯ ಬೆಲೆ ನೋಡಿ ಸಾಮಾನ್ಯ ಜಿಟಿ ಮಾದರಿಗೆ ಬೆಲೆ ಕಟ್ಟುವುದು ನಗೆಪಾಟಲು.

ಮಾರ್ಪಾಡುಗಳ ವಿಷಯದಲ್ಲಿ ಅಮೆರಿಕದ ಮಾರುಕಟ್ಟೆಗೆ ಕರುಣೆಯಿಲ್ಲ. ನೀವು ನಾಲ್ಕು ಸಾವಿರ ಡಾಲರ್ ಕೊಟ್ಟು ಹಾಕಿಸಿದ ಚಕ್ರಗಳು ಇನ್ನೊಬ್ಬರ ಕಣ್ಣಿಗೆ ತೆಗೆದುಹಾಕಬೇಕಾದ ಚಕ್ರಗಳು. ಹಿಂದಕ್ಕೆ ತರಬಹುದಾದ ಬದಲಾವಣೆಗಳಿಗೆ ಕ್ಷಮೆಯುಂಟು, ಕತ್ತರಿಸಿ ಬೆಸುಗೆ ಹಾಕಿದವಕ್ಕೆ ಇಲ್ಲ. ಆದ್ದರಿಂದ ಕಳಚಿಟ್ಟ ಮೂಲ ಚಕ್ರಗಳು, ಏರ್‌ಬಾಕ್ಸ್, ಎಕ್ಸಾಸ್ಟ್, ರೇಡಿಯೊ ಇವನ್ನೆಲ್ಲ ಎಸೆದಿಲ್ಲದಿದ್ದರೆ ಕಾರಿನ ಜೊತೆಗೇ ನೆಲದ ಮೇಲೆ ಹರಡಿ ಫೋಟೊ ತೆಗೆಯಿರಿ. ಇದಕ್ಕೆ ಗೌರವಾನ್ವಿತ ಅಪವಾದವೆಂದರೆ ಕಾರಿನ ಅಡಿಯ ಮುಂದಿನ ಹಿಂದಿನ ಚೌಕಟ್ಟುಗಳನ್ನು ಜೋಡಿಸುವ ಸಬ್‌ಫ್ರೇಮ್ ಕನೆಕ್ಟರ್‌ಗಳು ಮತ್ತು ಟಾರ್ಕ್ ಬಾಕ್ಸ್‌ಗೆ ಕೊಟ್ಟ ಬಲವರ್ಧನೆ. ಹಿಂದಿನ ಆಕ್ಸಲ್‌ನ ತೋಳುಗಳು ಕಾರಿನ ಬಾಡಿಯನ್ನು ಸೇರುವ ಆ ತಗಡಿನ ಪೆಟ್ಟಿಗೆಗಳು ಜೋರಾಗಿ ಓಡಿಸಿದ ಕಾರುಗಳಲ್ಲಿ ಬಿರುಕು ಬಿಡುವುದು ಈ ಪೀಳಿಗೆಯ ಪ್ರಸಿದ್ಧ ರೋಗ. ತಿಳಿದವರು ಬಂದ ಕೂಡಲೇ ನೆಲಕ್ಕೆ ಮಲಗಿ ಮೊದಲು ನೋಡುವುದು ಅದನ್ನು, ಆಮೇಲೆ ಮುಂದಿನ ಸಸ್ಪೆನ್ಷನ್ ಕೂರುವ ಸ್ಟ್ರಟ್ ಟವರ್‌ಗಳನ್ನು, ಕಾಲಡಿಯ ತಗಡನ್ನು. ಆ ಜಾಗಗಳ ಫೋಟೊವನ್ನು ನೀವೇ ಮೊದಲು ತೋರಿಸಿದರೆ ಅರ್ಧ ಚೌಕಾಸಿ ಮುಗಿದಂತೆ.

ಕಾರಿನ ಮೂಲವನ್ನು ಸಾಬೀತು ಮಾಡಲು ಫೋರ್ಡ್ ಕಾರುಗಳಿಗೆ ಮಾರ್ಟಿ ರಿಪೋರ್ಟ್ ಎಂಬ ದಾಖಲೆ ಸಿಗುತ್ತದೆ. ಕಂಪನಿಯ ಉತ್ಪಾದನಾ ದಾಖಲೆಯಿಂದ ತೆಗೆದು, ಆ ಕಾರು ಯಾವ ಬಣ್ಣದಲ್ಲಿ, ಯಾವ ಸಾಮಗ್ರಿಯೊಂದಿಗೆ ತಯಾರಾಯಿತು ಎಂಬುದನ್ನು ಅದರಲ್ಲಿ ಕೊಟ್ಟಿರುತ್ತಾರೆ. ಕಳವು ತಡೆಯ ಕಾನೂನಿನ ಕಾರಣ ಆ ವರ್ಷಗಳ ಕಾರುಗಳ ಬಾಗಿಲು, ಬೋನೆಟ್, ಫೆಂಡರ್‌ಗಳ ಮೇಲೆ ವಿನ್ ಎಂಬ ವಾಹನದ ಗುರುತಿನ ಸಂಖ್ಯೆಯ ಸಣ್ಣ ಸ್ಟಿಕರ್‌ಗಳಿರುತ್ತವೆ. ಯಾವುದಾದರೂ ಒಂದರ ಮೇಲೆ ಅದಿಲ್ಲವೆಂದರೆ ಆ ಭಾಗ ಬದಲಾಗಿದೆ ಅಥವಾ ಬಣ್ಣದ ಕೆಲಸದಲ್ಲಿ ಹೋಗಿದೆ ಎಂದು ಕೊಳ್ಳುವವರು ಊಹಿಸುತ್ತಾರೆ. ಹಾಗಿದ್ದರೆ ಜಾಹೀರಾತಿನಲ್ಲಿಯೇ ಹೇಳಿಬಿಡಿ. ಖಾಸಗಿ ಮಾರಾಟದಲ್ಲಿ ವಾರಂಟಿ ಇಲ್ಲವಾದರೂ, ತಿಳಿದೂ ಸುಳ್ಳು ಹೇಳಿದರೆ ಸಣ್ಣ ಮೊತ್ತದ ದಾವೆಗಳ ಸ್ಮಾಲ್ ಕ್ಲೇಮ್ಸ್ ಕೋರ್ಟಿನ ಬಾಗಿಲು ತೆರೆದೇ ಇರುತ್ತದೆ. ಓಡೋಮೀಟರಿಗೂ ಇದೇ ಮಾತು. ಕೇಂದ್ರ ಸರ್ಕಾರದ ಓಡೋಮೀಟರ್ ಘೋಷಣೆಯ ನಿಯಮದಿಂದ 2010 ಮತ್ತು ಹಿಂದಿನ ಮಾಡೆಲ್‌ಗಳಿಗೆ ವಿನಾಯಿತಿ ಇದೆ, ಸುಳ್ಳು ಮೈಲಿ ಹೇಳಲು ವಿನಾಯಿತಿಯಿಲ್ಲ. ಮೀಟರ್ ಬದಲಿಸಿದ್ದರೆ ನಿಜವಾದ ಮೈಲಿ ತಿಳಿಯದು ಎಂದು ಬರೆಯಿರಿ.

ವ್ಯವಹಾರ ಕುದುರಿದ ಮೇಲೆ ಕೈ ಬದಲಾಗುವ ಕಾಗದ ಟೈಟಲ್, ಅಂದರೆ ಕಾರಿನ ಒಡೆತನದ ಪತ್ರ. ಜನ ಇಂದಿಗೂ ಪಿಂಕ್ ಸ್ಲಿಪ್ ಎನ್ನುತ್ತಾರೆ. ಅದರ ಮೇಲೆ ಇಬ್ಬರ ಹೆಸರಿದ್ದು ನಡುವೆ "ಆಂಡ್" ಎಂದೋ ಓರೆಗೆರೆಯೋ ಇದ್ದರೆ ಇಬ್ಬರೂ ಸಹಿ ಹಾಕಬೇಕು; "ಆರ್" ಎಂದಿದ್ದರೆ ಒಬ್ಬರ ಸಹಿ ಸಾಕು. ಗಂಡ ಬೆಂಗಳೂರಿನಲ್ಲಿ, ಹೆಂಡತಿ ಫ್ರೀಮಾಂಟ್‌ನಲ್ಲಿ ಇರುವಾಗ ಈ ಓರೆಗೆರೆ ದೊಡ್ಡ ತೊಡಕು. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ಮೊದಲು ತೆಗೆಸಿ. ತಪ್ಪು ಬರೆದು ಹೊಡೆದುಹಾಕಬೇಡಿ, ತಿದ್ದಿದ ಟೈಟಲ್‌ಗೆ ರಾಜ್ಯದ ವಾಹನ ಇಲಾಖೆಯಾದ ಡಿಎಂವಿ ಪ್ರತ್ಯೇಕ ಹೇಳಿಕೆಪತ್ರ ಕೇಳುತ್ತದೆ. ಟೈಟಲ್ ಕಳೆದಿದ್ದರೆ ಡಿಎಂವಿಯ ರೆಗ್ 227 ಎಂಬ ಅರ್ಜಿ ಸಲ್ಲಿಸಬೇಕು. ಕ್ಯಾಲಿಫೋರ್ನಿಯಾ ನೋಟರಿ ಕೇಳುವುದಿಲ್ಲ, ಆದರೆ ಅರಿಜೋನಾ, ಒಹಾಯೊ, ಪೆನ್ಸಿಲ್ವೇನಿಯಾ, ನಾರ್ತ್ ಕ್ಯಾರೊಲೈನಾದ ಟೈಟಲ್ ಆಗಿದ್ದರೆ ನೋಟರಿಯ ಮುಂದೆಯೇ ಸಹಿ ಹಾಕಬೇಕು. ಮನೆಯಲ್ಲಿ ಮೊದಲೇ ಸಹಿ ಹಾಕಿಟ್ಟುಕೊಂಡು ಹೋದರೆ ಕೆಲಸ ಕೆಡುತ್ತದೆ.

ನಮ್ಮ ಆರ್‌ಟಿಒ ವ್ಯವಸ್ಥೆಯಲ್ಲಿ ಫಾರಂ 29 ಮತ್ತು 30 ತುಂಬಿಕೊಟ್ಟು, ಕೊಂಡವರು ಹೆಸರು ಬದಲಿಸುವವರೆಗೂ ಆತಂಕದಲ್ಲಿರುವುದು ನಮಗೆ ಗೊತ್ತು. ಇಲ್ಲಿ ಆ ಆತಂಕಕ್ಕೆ ಮದ್ದು ರೆಗ್ 138 ಎಂಬ ಹೊಣೆ ಬಿಡುಗಡೆಯ ಪತ್ರ. ಮಾರಿದ ಐದು ದಿನದೊಳಗೆ ಇದನ್ನು ಡಿಎಂವಿಯ ಜಾಲತಾಣದಲ್ಲಿ ಸಲ್ಲಿಸಬೇಕು. ಅದೇ ಸಂಜೆ ಸಲ್ಲಿಸಿದರೆ ಇನ್ನೂ ಒಳ್ಳೆಯದು. ಕೊಂಡವರಿಗೆ ಹೆಸರು ಬದಲಿಸಲು ಹತ್ತು ದಿನವಿದೆ. ಮಾರಾಟ ತೆರಿಗೆ ಅವರದು, ನಿಮ್ಮದಲ್ಲ. ಸಾಮಾನ್ಯ ನಂಬರ್ ಪ್ಲೇಟ್ ಕಾರಿನೊಂದಿಗೇ ಹೋಗುತ್ತದೆ. ಮಗಳ ಹೆಸರೋ ಊರಿನ ಹೆಸರೋ ಇರುವ ವಿಶೇಷ ಪ್ಲೇಟ್ ನಿಮ್ಮದೇ, ಬಿಚ್ಚಿಟ್ಟುಕೊಳ್ಳಿ.

ಹಣದ ವಿಷಯದಲ್ಲಿ ಮೋಸ ಹೆಚ್ಚು. ಬ್ಯಾಂಕೇ ಬರೆದುಕೊಡುವ ಕ್ಯಾಷಿಯರ್ಸ್ ಚೆಕ್ಕಿಗೂ ನಕಲಿಗಳಿವೆ; ಅಂಥ ಚೆಕ್ಕಿನ ಹಣವನ್ನು ನಿಮ್ಮ ಬ್ಯಾಂಕು ಮೊದಲು ಖಾತೆಗೆ ತೋರಿಸಿ, ಚೆಕ್ಕು ಖೋಟಾ ಎಂದು ತಿಳಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೊಳ್ಳುವವರ ಬ್ಯಾಂಕ್ ಶಾಖೆಗೇ ಜೊತೆಯಾಗಿ ಹೋಗಿ, ಕೌಂಟರಿನಲ್ಲಿ ಚೆಕ್ ಬರೆಸಿ, ಅಲ್ಲಿಯೇ ಟೈಟಲ್ ಸಹಿ ಮಾಡುವುದು ಸುರಕ್ಷಿತ ಕ್ರಮ. ಹೆಚ್ಚು ಮೊತ್ತದ ಚೆಕ್ ಕಳಿಸಿ ಉಳಿದದ್ದನ್ನು ಹಿಂದಿರುಗಿಸಿ ಎನ್ನುವವರನ್ನೂ, ಅಪರಿಚಿತ ಜಾಲತಾಣದಿಂದ ಕಾರಿನ ವರದಿ ಕೊಂಡು ಕಳಿಸಿ ಎಂದು ಹಟ ಹಿಡಿಯುವವರನ್ನೂ ಅಲ್ಲಿಗೇ ಬಿಟ್ಟುಬಿಡಿ. ನಗದಾಗಿ ಹತ್ತು ಸಾವಿರ ಡಾಲರ್ ಮೀರಿ ಜಮೆ ಮಾಡಿದರೆ ಬ್ಯಾಂಕು ಸರ್ಕಾರಕ್ಕೆ ವರದಿ ಮಾಡುತ್ತದೆ, ಅದರಲ್ಲಿ ಹೆದರುವಂಥದ್ದಿಲ್ಲ. ವರದಿ ತಪ್ಪಿಸಲು ಮೊತ್ತವನ್ನು ತುಂಡು ಮಾಡಿ ಜಮೆ ಮಾಡುವುದು ಮಾತ್ರ ಅಪರಾಧ.

ತೆರಿಗೆಯ ಲೆಕ್ಕ ಏಕಪಕ್ಷೀಯ. ಸ್ವಂತ ಬಳಕೆಯ ಕಾರನ್ನು ಲಾಭಕ್ಕೆ ಮಾರಿದರೆ ಆ ಲಾಭಕ್ಕೆ ತೆರಿಗೆ ಉಂಟು, ನಷ್ಟಕ್ಕೆ ಮಾರಿದರೆ ಕಳೆಯಲು ಬರುವುದಿಲ್ಲ. 14,000 ಡಾಲರಿಗೆ ಕೊಂಡು, ಪುನರುಜ್ಜೀವನಕ್ಕೆ 19,000 ಹಾಕಿ, 29,000ಕ್ಕೆ ಮಾರಿದಿರಿ ಎಂದುಕೊಳ್ಳೋಣ. ರಸೀದಿಗಳಿದ್ದರೆ ನಿಮಗೆ ಲಾಭವೇ ಇಲ್ಲ, ರಸೀದಿಗಳಿಲ್ಲದಿದ್ದರೆ 15,000 ಡಾಲರ್ ಲಾಭವಾದಂತೆ ಕಾಣುತ್ತದೆ. ನಿಮ್ಮ ಸ್ವಂತ ದುಡಿಮೆಯ ಗಂಟೆಗಳಿಗೆ ಈ ಲೆಕ್ಕದಲ್ಲಿ ಬೆಲೆ ಸೊನ್ನೆ. ಎಚ್-1ಬಿ ವೀಸಾದಲ್ಲಿರುವವರು ತಮ್ಮದೇ ಕಾರನ್ನು ಮಾರುವುದಕ್ಕೆ ಅಡ್ಡಿಯಿಲ್ಲ. ಆದರೆ ಒಂದಾದ ಮೇಲೊಂದು ಕೊಂಡು, ಸರಿಮಾಡಿ, ಲಾಭಕ್ಕೆ ಮಾರತೊಡಗಿದರೆ ಅದು ವ್ಯಾಪಾರವಾಗುತ್ತದೆ. ಆಗ ಡೀಲರ್ ಪರವಾನಗಿಯ ಪ್ರಶ್ನೆಯೂ, ಅನುಮತಿಯಿಲ್ಲದ ಉದ್ಯೋಗದ ಪ್ರಶ್ನೆಯೂ ಒಟ್ಟಿಗೆ ಏಳುತ್ತವೆ. ಟೈಟಲನ್ನು ತಮ್ಮ ಹೆಸರಿಗೆ ಮಾಡಿಸದೆ ಮುಂದಿನವರಿಗೆ ದಾಟಿಸುವುದು ಯಾರಿಗೂ ಕಾನೂನುಬದ್ಧವಲ್ಲ.

ಊರಿಗೆ ಮರಳುವವರು ಕಾರನ್ನು ಬೆಂಗಳೂರಿಗೆ ಒಯ್ಯುವ ಆಸೆಯನ್ನು ಬಿಡುವುದೇ ಲೇಸು. ಬಳಸಿದ ಕಾರುಗಳ ಆಮದಿಗೆ ಭಾರತದ ನಿಯಮ ಮೂರು ವರ್ಷದ ಮಿತಿಯನ್ನೂ ಬಲಗಡೆಯ ಸ್ಟಿಯರಿಂಗನ್ನೂ ಕೇಳುತ್ತದೆ. ಈ ಮಸ್ಟಾಂಗ್ ಎರಡರಲ್ಲಿಯೂ ಅನರ್ಹ. ಹೊರಡುವ ಮೊದಲು ಮಾರಾಟವಾಗದಿದ್ದರೆ ನಂಬಿಕಸ್ಥ ಸ್ನೇಹಿತರಿಗೆ ರೆಗ್ 260 ಪವರ್ ಆಫ್ ಅಟಾರ್ನಿ ಬರೆದುಕೊಟ್ಟು, ಟೈಟಲ್, ರಸೀದಿಗಳ ಕಡತ ಮತ್ತು ಬಿಡಿಭಾಗಗಳ ಪೆಟ್ಟಿಗೆಗಳನ್ನು ಒಟ್ಟಿಗೆ ಒಪ್ಪಿಸಿ ಹೋಗಿ. ವಿಮೆಯನ್ನು ಮಾರಾಟವಾಗಿ ರೆಗ್ 138 ಸಲ್ಲಿಕೆಯಾಗುವವರೆಗೂ ನಿಲ್ಲಿಸಬೇಡಿ, ಟೆಸ್ಟ್ ಡ್ರೈವ್‌ನಲ್ಲಿ ಯಾರಾದರೂ ಗುದ್ದಿದರೆ ಅದು ಬೇಕಾಗುತ್ತದೆ. ಕಾರು ಹಸ್ತಾಂತರವಾಗುವ ದಿನ ಗಾಜಿಗೆ ಅಂಟಿಸಿದ, ಟೋಲ್ ಕಟ್ಟುವ ಫಾಸ್‌ಟ್ರ್ಯಾಕ್ ಸಾಧನವನ್ನು ಕಿತ್ತುಕೊಂಡು, ಆ ಖಾತೆಯಿಂದ ಕಾರಿನ ನಂಬರನ್ನೂ ತೆಗೆಯಲು ನಿಮ್ಮ ಸ್ನೇಹಿತರಿಗೆ ಹೇಳಿಡಿ. ಇಲ್ಲವಾದರೆ ಹೊಸ ಒಡೆಯರು ಸೇತುವೆ ದಾಟಿದಾಗಲೆಲ್ಲ ಟೋಲ್ ನಿಮ್ಮ ಕಾರ್ಡಿನಿಂದ ಹೋಗುತ್ತಿರುತ್ತದೆ.